ಪ್ರೀಮಿಯಂ ಕಟ್ಟಿ ತಾಯಿಯಾದದ್ದು

ಇಂಗ್ಲಿಷ್ ಬರುವವರು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಲು ಇನ್ನೊಬ್ಬರ ಬಾಗಿಲು ತಟ್ಟಬೇಕಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಂಬಿಕೆಗೆ ಆಧಾರವೂ ಇತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್ ಆಗ್ನೆಸ್ ಅವರ ಕಾಲದಲ್ಲಿ ಒಂದು ಕಾಮಾ ತಪ್ಪಿದರೆ ಸಂಜೆಯ ಬನ್ ತಪ್ಪುತ್ತಿತ್ತು. ಆ ಬನ್ನಿನ ಆಸೆಗೆ ಕಲಿತ ಗ್ರಾಮರನ್ನು ಮುಂದೆ ಕೊರಟಗೆರೆ, ಮಧುಗಿರಿ, ಕಡೆಗೆ ಶಿರಾ ಹೈಸ್ಕೂಲುಗಳ ಮಕ್ಕಳಿಗೆ ಬಡಿಸಿ ರಿಟೈರ್ ಆದವಳು. ಬನ್ ಇಲ್ಲದೆ ಬಡಿಸಿದ್ದರಿಂದಲೋ ಏನೋ, ಮಕ್ಕಳಿಗೆ ಅಷ್ಟಾಗಿ ಹತ್ತಲಿಲ್ಲ.

ರಿಟೈರ್ ಆದ ಮೇಲೆ ಪ್ರತಿ ವರ್ಷ ನನ್ನ ರಿಟರ್ನನ್ನು ಆಡಿಟರ್ ರಿಯಾಜ್ ಸಾಹೇಬರು ತುಂಬಿಕೊಡುತ್ತಿದ್ದರು. ಶಿರಾದಲ್ಲಿ ಅರ್ಧ ಊರಿನ ಲೆಕ್ಕ ಅವರ ಕಪಾಟಿನಲ್ಲೇ ಇದೆ. ಸಭ್ಯ ಮನುಷ್ಯ, ಟೀ ತರಿಸುತ್ತಾರೆ. ಆದರೆ ಹೋದವರ ಎದುರಿಗೇ ಅವರು ಒಂದು ಪತ್ರ ಟೈಪ್ ಮಾಡಿಸಿ, ಕೊನೆಯಲ್ಲಿ 'ಕೈಂಡ್ಲಿ ಡು ದಿ ನೀಡ್‌ಫುಲ್' ಎಂದು ಸೇರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಅಂದೇ ತೀರ್ಮಾನಿಸಿದೆ. ಇಂಥ ಇಂಗ್ಲಿಷ್ ಬರೆಯುವವರ ಕೈಯಲ್ಲಿ ನನ್ನ ಆದಾಯವನ್ನು ಬಿಡಲಾಗದು!

ನಮ್ಮವರಿಗೆ ಹೇಳಿದೆ. ನಮ್ಮವರು ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಪಾವಗಡ, ವೈ.ಎನ್.ಹೊಸಕೋಟೆ ಕಡೆಯೆಲ್ಲ ಸುತ್ತಿ ನಿವೃತ್ತರಾದವರು. ಜೀವಮಾನವಿಡೀ ಮಾತು ಬಾರದ ರೋಗಿಗಳ ನಡುವೆ ಇದ್ದದ್ದರಿಂದ ಅವರೂ ಮಾತು ಕಮ್ಮಿ.

"ಸುಮ್ನೆ ರಿಯಾಜ್ ಸಾಹೇಬ್ರ ಹತ್ರ ಹೋಗೇ" ಎಂದರು.

"ಯಾಕೆ, ನಾನೇನು ದಡ್ಡಿನಾ?"

"ದಡ್ಡಿ ಆಗಿದ್ರೆ ನೀನೇ ಹೋಗ್ತಿದ್ದೆ. ಬುದ್ಧಿವಂತೆ ನೋಡು, ಅದಕ್ಕೇ ನನಗೆ ಭಯ."

ನನ್ನ ತಂಗಿಯ ಮಗಳು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, ದೇವರಿಗೆ ಊದುಬತ್ತಿ ಹಚ್ಚಿ, ಶುಭಾರಂಭ ಮಾಡಿದೆ. ಪೋರ್ಟಲ್ ಮೊದಲು ಪಾಸ್‌ವರ್ಡ್ ಕೇಳಿತು. ಕ್ಯಾಪಿಟಲ್ ಅಕ್ಷರ ಇರಬೇಕಂತೆ, ಸ್ಮಾಲ್ ಇರಬೇಕಂತೆ, ಅಂಕಿ ಇರಬೇಕಂತೆ, ಜೊತೆಗೊಂದು ಚಿಹ್ನೆಯೂ ಬೇಕಂತೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಇಷ್ಟು ಲಕ್ಷಣ ಕೇಳಿರಲಿಲ್ಲ! ಒಳಗೆ ಹೋದ ಮೇಲೆ ಸೂಚನೆಗಳನ್ನು ಓದುತ್ತಾ ಹೋದೆ. ಒಂದು ಕಡೆ ಆರ್ಟಿಕಲ್ ಬಿಟ್ಟುಹೋಗಿತ್ತು. ಎರಡು ಕಡೆ ಕಾಮಾ ಇರಬೇಕಾದಲ್ಲಿ ಇರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಸರ್ಕಾರದ ಇಂಗ್ಲಿಷಿಗಿಂತ ನನ್ನ ಇಂಗ್ಲಿಷ್ ಮೇಲು ಎಂದು ಖಾತ್ರಿಯಾದ ಮೇಲೆ ಉಳಿದದ್ದೆಲ್ಲ ಸಲೀಸು ಎನಿಸಿತು.

ನನ್ನ ಗುರಿ ಒಂದೇ, ಏಯ್ಟಿ ಡಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆರೋಗ್ಯ ವಿಮೆಗೆ ಕಟ್ಟಿದ ಪ್ರೀಮಿಯಮ್ಮನ್ನು ನಮ್ಮ ಆದಾಯದಿಂದ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಹಾಕಿ ಎಂದು ಕೇಳುವ ಹಕ್ಕಿಗೆ ಆ ಹೆಸರು. ಅರವತ್ತು ದಾಟಿದವರಿಗೆ ಅದರ ಮಿತಿ ಇನ್ನೂ ದೊಡ್ಡದು. ವಯಸ್ಸಾದದ್ದಕ್ಕೆ ನನಗೆ ದೊರೆತ ಮೊದಲ ಸೌಲಭ್ಯವಿದು. ಅಲ್ಲಿಯವರೆಗೆ ಮೊಣಕಾಲು ನೋವು ಬಿಟ್ಟು ಬೇರೇನೂ ದೊರೆತಿರಲಿಲ್ಲ. ನಾವಿಬ್ಬರೂ ಸೇರಿ ಮಾಡಿಸಿದ್ದ ಪಾಲಿಸಿಯ ಪ್ರೀಮಿಯಂ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು, ಒಂದು ದಿನವೂ ಅದರಿಂದ ಏನೂ ಇಳಿದಿರಲಿಲ್ಲ. ಈಗಲಾದರೂ ಇಳಿಯಲಿ ಎಂದು ಕಾಲಮ್ಮಿನಲ್ಲಿ ಮೊತ್ತ ತುಂಬಿದೆ, ಪಾಲಿಸಿ ನಂಬರ್ ತುಂಬಿದೆ, ಸಬ್‌ಮಿಟ್ ಒತ್ತಿದೆ. 'ಸಕ್ಸೆಸ್‌ಫುಲ್' ಎಂದು ಹಸಿರು ಬಣ್ಣದಲ್ಲಿ ಬಂತು. ಒಂದೇ ಶಬ್ದವಾದ್ದರಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ಬ್ಯಾಂಕಿನವರು ಎಫ್‌ಡಿ ಬಡ್ಡಿಯಲ್ಲಿ ಮೊದಲೇ ಮುರಿದುಕೊಂಡಿದ್ದ ತೆರಿಗೆಯಲ್ಲಿ ಒಂದಿಷ್ಟು ಪಾಲು ವಾಪಸ್ಸೂ ಬಂದುಬಿಟ್ಟಿತು! ನಾನು ಪೆನ್ಷನರ್ಸ್ ಸಭೆಯಲ್ಲಿ ಎದ್ದು ನಿಂತು, ಮುದುಕರು ಸ್ವಾವಲಂಬಿಗಳಾಗಬೇಕಾದ ಅಗತ್ಯದ ಬಗ್ಗೆ ಒಂದು ಭಾಷಣವನ್ನೇ ಮಾಡಿದೆ. ತರಕಾರಿ ಕೊಳ್ಳುವಾಗ ರಿಯಾಜ್ ಸಾಹೇಬರು ಸಿಕ್ಕರು. ಅವರಿಗೂ ಹೇಳದೆ ಬಿಡಲಿಲ್ಲ.

"ರೀಫಂಡ್ ಬಂತು ಸಾಹೇಬ್ರೆ. ಆಲ್ ಬೈ ಮೈಸೆಲ್ಫ್."

"ಮುಬಾರಕ್ ಮೇಡಂ" ಎಂದು ಅವರು ಬದನೆಕಾಯಿ ಆರಿಸುವುದರಲ್ಲಿ ಮಗ್ನರಾದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಆಮೇಲೆ ಬಂತು ಇ-ಮೇಲ್. 'ಇಟ್ ಹ್ಯಾಸ್ ಬೀನ್ ಅಬ್ಸರ್ವ್ಡ್' ಎಂದು ಶುರು. ಗಮನಿಸಲಾಗಿದೆಯಂತೆ! ಯಾರು ಗಮನಿಸಿದ್ದು? ಹೇಳುವ ಧೈರ್ಯವಿಲ್ಲ. ಪ್ಯಾಸಿವ್ ವಾಯ್ಸನ್ನು ಪುಕ್ಕಲರು ಹೆಚ್ಚು ಬಳಸುತ್ತಾರೆ ಎಂದು ಸಿಸ್ಟರ್ ಆಗ್ನೆಸ್ ಸುಮ್ಮನೆ ಹೇಳುತ್ತಿರಲಿಲ್ಲ. ಒಟ್ಟು ಸಾರಾಂಶ ಇಷ್ಟು: ನೀವು ತೋರಿಸಿದ ವಿಮೆ ಪ್ರೀಮಿಯಂ ಸರಿಯಿದೆಯೇ ನೋಡಿಕೊಳ್ಳಿ, ಇಲ್ಲವಾದರೆ ರಿಟರ್ನ್ ತಿದ್ದಿ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂವತ್ತು ವರ್ಷ ಇನ್ನೊಬ್ಬರನ್ನು ತಿದ್ದಿದವಳಿಗೆ ತಿದ್ದಿಕೋ ಎನ್ನುವುದೇ? ಇಡೀ ಮಧ್ಯಾಹ್ನ ಕುಳಿತು ಒಂದು ಉತ್ತರ ಬರೆದೆ. ಆರಂಭದಲ್ಲಿ ನಯ, ಮಧ್ಯದಲ್ಲಿ ವ್ಯಂಗ್ಯ, ಕೊನೆಯಲ್ಲಿ ಗಾಂಭೀರ್ಯ. ಇಂಥ ಪತ್ರ ಈಗ ಯಾರು ಬರೆಯುತ್ತಾರೆ! ಓದುತ್ತಿದ್ದರೆ ಕಾನ್ವೆಂಟಿನ ಕಾರಿಡಾರು, ನೀಲಗಿರಿ ಮರದ ವಾಸನೆ, ಮಸಿ ಕುಡಿಕೆ ಎಲ್ಲ ನೆನಪಾಗಿ ನನಗೇ ಕಣ್ಣು ತುಂಬಿತು. ಕಳಿಸಿದೆ. ಕಳಿಸಿದಷ್ಟೇ ವೇಗದಲ್ಲಿ ಹಿಂದಕ್ಕೆ ಬಂತು. ಆ ವಿಳಾಸಕ್ಕೆ ಉತ್ತರ ಬರೆಯಬಾರದಂತೆ. ಪ್ರಶ್ನೆ ಕೇಳಿ ಕಿವಿ ಮುಚ್ಚಿಕೊಳ್ಳುವುದನ್ನು ನಾನು ಶಾಲಾ ತನಿಖಾಧಿಕಾರಿಗಳಲ್ಲಿ ಮಾತ್ರ ಕಂಡಿದ್ದೆ.

ಅದೇ ಇ-ಮೇಲ್ ಮತ್ತೊಮ್ಮೆ ಬಂತು. ಈ ಸಲ ನಮ್ಮವರು ಪೇಪರ್ ಕೆಳಗಿಳಿಸಿ, "ನೀನು ಹೋಗ್ತೀಯೋ, ನಾನು ಸಾಹೇಬ್ರನ್ನೇ ಇಲ್ಲಿಗೆ ಕರೀಲೋ?" ಎಂದರು. ಮನೆಗೆ ಕರೆಸಿಕೊಂಡು ಸೋಲುವುದಕ್ಕಿಂತ ಅಲ್ಲಿಗೇ ಹೋಗಿ ಸೋಲುವುದು ಲೇಸೆಂದು ಛತ್ರಿ ಹಿಡಿದು ಹೊರಟೆ.

ರಿಯಾಜ್ ಸಾಹೇಬರು ಟೀ ತರಿಸಿದರು. ಗೆದ್ದವರ ಮುಖ ಮಾಡಲಿಲ್ಲ, ಅದೊಂದು ಅವರ ದೊಡ್ಡ ಗುಣ.

"ಪ್ರೀಮಿಯಂ ಯಾರು ಕಟ್ಟಿದ್ದು ಮೇಡಂ?"

"ನಾನೇ."

"ಹೇಗೆ ಕಟ್ಟಿದ್ರಿ?"

"ದುಡ್ಡು ಕೊಟ್ಟು! ಇನ್ನು ಹೇಗೆ?"

"ಯಾರ ಕೈಗೆ ಕೊಟ್ರಿ?"

"ಜುಂಜಣ್ಣನ ಕೈಗೆ."

ಜುಂಜಣ್ಣ ನನ್ನ ಹಳೆಯ ಸ್ಟೂಡೆಂಟ್. ಮದಲೂರಿನ ಕುರಿ ಸಾಕುವ ಮನೆಯ ಹುಡುಗ, ಈಗ ನಮ್ಮ ಬೀದಿಯ ತುದಿಯಲ್ಲಿ ಕಡಲೆಕಾಯಿ ಮಂಡಿ ಇಟ್ಟು ಚೆನ್ನಾಗಿದ್ದಾನೆ. ನಮ್ಮ ಬೀದಿಯ ಪದ್ಧತಿ ಏನೆಂದರೆ, ಕರೆಂಟ್ ಬಿಲ್ಲಿರಲಿ, ಗ್ಯಾಸಿರಲಿ, ರೈಲು ಟಿಕೆಟ್ಟಿರಲಿ, ಕ್ಯಾಶ್ ಒಯ್ದು ಜುಂಜಣ್ಣನಿಗೆ ಕೊಡುವುದು. ಅವನು ತನ್ನ ಫೋನಿನಿಂದ ಕಟ್ಟಿಬಿಡುತ್ತಾನೆ. ಅವನಿಗೂ ಮಂಡಿಗೆ ಬಂದ ರೈತರಿಗೆ ಕೊಡಲು ಚಿಲ್ಲರೆ ನೋಟು ಬೇಕು, ನಮಗೂ ಫೋನೊತ್ತಿ ಖಾತೆ ಖಾಲಿ ಮಾಡಿಕೊಳ್ಳುವ ಭಯವಿಲ್ಲ. ಅರ್ಧ ಬೀದಿಯ ಬದುಕು ಅವನ ಹೆಬ್ಬೆರಳಿನ ಮೇಲೆ ನಡೆಯುತ್ತಿದೆ. ನಾನೂ ಪ್ರೀಮಿಯಂ ಹಣವನ್ನು ಬ್ಯಾಂಕಿನಿಂದ ತೆಗೆದು ಕರವಸ್ತ್ರದಲ್ಲಿ ಸುತ್ತಿ ಅವನಿಗೇ ಕೊಟ್ಟಿದ್ದೆ.

"ಕ್ಯಾಶ್ ಕೊಟ್ರೆ ಏಯ್ಟಿ ಡಿ ಸಿಗಲ್ಲ ಮೇಡಂ. ಬ್ಯಾಂಕಿನಿಂದ ಹೋಗ್ಬೇಕು."

"ಬ್ಯಾಂಕಿನಿಂದಲೇ ಹೋಗಿದೆಯಲ್ಲ ಸಾಹೇಬ್ರೆ! ಜುಂಜಣ್ಣನ ಬ್ಯಾಂಕಿನಿಂದ."

ರಿಯಾಜ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಟೀ ಬದಲು ನೀರು ಕುಡಿದರು.

"ಯಾ ಅಲ್ಲಾ" ಎಂದರು ಮೆಲ್ಲಗೆ. "ಜುಂಜಣ್ಣಂದು ರಿಟರ್ನ್ ನಾನೇ ಮಾಡೋದು."

"ಗೊತ್ತು. ಸೋ?"

"ಅವನ ಅಕೌಂಟಿಂದ ಹೆಲ್ತ್ ಪ್ರೀಮಿಯಂ ಹೋಗಿತ್ತು. ದೊಡ್ಡ ಮೊತ್ತ. ಯಾರ್ದಪ್ಪ ಇದು ಅಂತ ಫೋನ್ ಮಾಡಿ ಕೇಳ್ದೆ. ಮಂಡೀಲಿ ಹರಾಜು ನಡೀತಿತ್ತು. 'ಇಬ್ರು ವಯಸ್ಸಾದೋರ್ದು ಸಾಬ್ರೆ, ಬರ್ಕಳಿ' ಅಂತ ಇಟ್ಬಿಟ್ಟ. ನೀವೇ ಹೇಳಿ ಮೇಡಂ, ಯಾವ ಮನುಷ್ಯ ಬೇರೆಯವರ ಮನೆ ಮುದುಕ ಮುದುಕೀಗೆ ಅಷ್ಟು ಪ್ರೀಮಿಯಂ ಕಟ್ತಾನೆ? ನಾನು ಪೇರೆಂಟ್ಸ್ ಅಂತ ಹಾಕ್ಬಿಟ್ಟೆ."

"ಪೇರೆಂಟ್ಸ್ ಅಂದ್ರೆ?"

"ಅಂದ್ರೆ ಅವನ ರಿಟರ್ನ್ ಪ್ರಕಾರ ನೀವು ಜುಂಜಣ್ಣನ ತಾಯಿ ಮೇಡಂ. ಸರ್ ಅವನ ತಂದೆ. ಒಂದೇ ಪಾಲಿಸಿ ನಿಮ್ಮ ರಿಟರ್ನ್‌ನಲ್ಲೂ ಇದೆ, ಅವನ ರಿಟರ್ನ್‌ನಲ್ಲೂ ಇದೆ. ಇಲಾಖೆಯೋರು ಕೇಳದೆ ಇರ್ತಾರಾ?"

ನಮಗೆ ಮಕ್ಕಳಾಗಲಿಲ್ಲ. ಒಂದು ಕಾಲದಲ್ಲಿ ಡಾಕ್ಟರುಗಳನ್ನು ನೋಡಿದ್ದಾಯಿತು, ಅತ್ತೆಯವರು ಹೇಳಿದ ಹರಕೆಗಳೂ ಆದವು, ಚರ್ಚಿನ ಮೋಂಬತ್ತಿಯೂ ಆಯಿತು. ಆಮೇಲೆ ಆ ಮಾತು ಎತ್ತುವುದನ್ನು ಇಬ್ಬರೂ ಬಿಟ್ಟೆವು. ಯಾವ ದೇವರೂ ಕೊಡದ್ದನ್ನು ಎಪ್ಪತ್ತರ ಅಂಚಿನಲ್ಲಿ ಆದಾಯ ತೆರಿಗೆ ಇಲಾಖೆ ಕೊಟ್ಟುಬಿಟ್ಟಿತ್ತು! ಅದೂ ಬೆಳೆದ ಮಗ, ಸ್ವಂತ ಲಾರಿ.

ಮನೆಗೆ ಬಂದು ನಮ್ಮವರಿಗೆ ಸುದ್ದಿ ಮುಟ್ಟಿಸಿದೆ. ತಂದೆಯಾದ ಸಮಾಚಾರವನ್ನು ಅವರು ಶಾಂತವಾಗಿ ಸ್ವೀಕರಿಸಿದರು. "ಕುರಿಗೆ ಇನ್ಶೂರೆನ್ಸ್ ಮಾಡ್ಸಿದ್ರೆ ಕಿವಿಗೆ ಓಲೆ ಹೊಡೀತೀವಿ. ನಂಬರ್ ಇರುತ್ತೆ ಅದರಲ್ಲಿ. ಯಾರ ಕುರಿ ಅಂತ ಜಗಳಾನೇ ಬರಲ್ಲ" ಎಂದರು.

"ಅದಕ್ಕೆ?"

"ನಿನ್ನ ಕಿವಿಗೂ ಒಂದು ಹೊಡಿಬೇಕಿತ್ತು."

ಈ ಗೊಂದಲವನ್ನು ನಾಜೂಕಾಗಿ, ಯಾರಿಗೂ ತಿಳಿಯದಂತೆ ಬಗೆಹರಿಸಬೇಕೆಂದು ಮರುದಿನ ಬೆಳಿಗ್ಗೆ ಮಂಡಿಗೆ ಹೋದೆ. ಟ್ಯಾಕ್ಟ್ ಎಂಬುದು ನಮ್ಮ ಕಾನ್ವೆಂಟಿನಲ್ಲಿ ವಿಶೇಷವಾಗಿ ಕಲಿಸುತ್ತಿದ್ದ ವಿದ್ಯೆ. ಜುಂಜಣ್ಣ ತಕ್ಕಡಿಯ ಹತ್ತಿರ ನಿಂತಿದ್ದ. ಸುತ್ತ ರೈತರು. ಮೂಟೆಯೊಂದರ ಮೇಲೆ ಅವನ ತಾಯಿ ಈರಕ್ಕ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ನಿಜವಾದ ತಾಯಿ. ಮದಲೂರಿನಿಂದ ಮಗನನ್ನು ನೋಡಲು ಬಸ್ಸಿನಲ್ಲಿ ಬಂದಿದ್ದಳು.

ಅವಳಿಗೆ ಗೊತ್ತಾಗಬಾರದೆಂದು ನಾನು ಇಂಗ್ಲಿಷಿನಲ್ಲಿ ಆರಂಭಿಸಿದೆ. "ಜುಂಜಣ್ಣ, ದೇರ್ ಈಸ್ ಎ ಸ್ಮಾಲ್ ಕನ್‌ಫ್ಯೂಷನ್ ಅಬೌಟ್ ಯುವರ್ ಮದರ್."

ಅವನಿಗೆ ಇಂಗ್ಲಿಷ್ ಕಲಿಸಿದವಳು ನಾನೇ. ಆದ್ದರಿಂದ ಅವನಿಗೆ ಕೊನೆಯ ಒಂದೇ ಶಬ್ದ ಅರ್ಥವಾಯಿತು.

"ಅವ್ವಂಗೇನಾತು ಮಿಸ್?" ಎಂದು ಮಂಡಿಯೆಲ್ಲ ಕೇಳುವಂತೆ ಕೂಗಿದ. "ಇಲ್ಲೇ ಕುಂತವ್ಳಲ್ಲ!"

"ನನ್ಗೇನ್ಲಾ ಆಗೈತೆ?" ಎಂದಳು ಈರಕ್ಕ, ಮೂಟೆಯ ಮೇಲಿಂದಲೇ.

ಇಲ್ಲಿ ಸುಮ್ಮನಾಗಬಹುದಿತ್ತು. ಬುದ್ಧಿಯಿರುವ ಯಾರಾದರೂ ಕಡಲೆಕಾಯಿ ರೇಟು ಕೇಳಿ ಮನೆಗೆ ಹೋಗುತ್ತಿದ್ದರು. ಆದರೆ ತರಗತಿಯಲ್ಲಿ ಒಬ್ಬರಿಗೆ ಅರ್ಥವಾಗದಿದ್ದರೂ ಪಾಠವನ್ನು ಮೊದಲಿನಿಂದ ವಿವರಿಸುವ ಚಾಳಿ ನನ್ನದು.

"ಏನಿಲ್ಲ ಈರಕ್ಕ, ಗಾಬರಿಯಾಗಬೇಡಿ. ನಿಮ್ಮ ಮಗ ಟ್ಯಾಕ್ಸಿನವರಿಗೆ ನನ್ನನ್ನ ತಾಯಿ ಅಂತ ತೋರಿಸಿದಾನೆ. ಬರೀ ರೆಕಾರ್ಡಿನಲ್ಲಿ. ಅದೂ ಒಂದೇ ವರ್ಷದ ಮಟ್ಟಿಗೆ."

ತಕ್ಕಡಿ ನಿಂತಿತು. ಹರಾಜು ಕೂಗುತ್ತಿದ್ದವನ ಬಾಯಿ ತೆರೆದೇ ಉಳಿಯಿತು.

ಈರಕ್ಕ ನಿಧಾನವಾಗಿ ಎದ್ದು, ಎಲೆಯಡಿಕೆಯನ್ನು ಹೊರಗೆ ಉಗಿದು ಬಂದಳು. "ಒಂದೊರ್ಸಕ್ಕಾ? ತಾಯಿ ಅಂದ್ರೆ ಏನು ಗುತ್ತಿಗೆ ಹೊಲನೇನ್ಲಾ ಜುಂಜ, ಒಂದೊರ್ಸ ಇವ್ರಿಗೆ, ಒಂದೊರ್ಸ ಅವ್ರಿಗೆ ಕೊಡಾಕೆ?"

"ಅವ್ವ, ನಂಗೇ ಗೊತ್ತಿಲ್ಲ ಕಣವ್ವ. ಸಾಬ್ರು ಬರ್ಕಂಡವ್ರೆ."

"ಅವ್ರು ಬರ್ಕಂಡ್ರೆ, ನಮ್ಮವ್ವ ಇನ್ನೂ ಬದ್ಕವ್ಳೆ ಅಂತ ಹೇಳಾಕೆ ನಿನ್ಗೇನಾಗಿತ್ತು?"

"ಹರಾಜು ನಡೀತಿತ್ತು ಕಣವ್ವ..."

"ಹರಾಜ್ನಾಗೆ ನಿಮ್ಮವ್ವನ್ನೂ ಕೂಗ್ಬುಟ್ಟೆ ಅನ್ನು!"

ರೈತರು ನಕ್ಕರು. ನಾನು ಸಮಾಧಾನ ಮಾಡಲು ಮುಂದೆ ಹೋದೆ. ಸಮಾಧಾನ ಮಾಡಲು ಹೋದಾಗಲೆಲ್ಲ ನನ್ನಿಂದ ಹೆಚ್ಚು ಅನಾಹುತವಾಗುತ್ತದೆ.

"ಈರಕ್ಕ, ದುಡ್ಡು ನಂದೇ. ಆಸ್ಪತ್ರೆ ಇನ್ಶೂರೆನ್ಸಿನ ದುಡ್ಡು. ಅವನು ಬರೀ ಫೋನಿನಿಂದ ಕಟ್ಟಿದ್ದು."

"ದುಡ್ಡು ನಿಂದು, ಮಗ ನಂದು. ಯಾವ್ದು ದೊಡ್ದು ಟೀಚ್ರಮ್ಮ?" ಅಷ್ಟು ಹೇಳಿ ಅವಳು ಥಟ್ಟನೆ ಮಗನ ಕಡೆ ತಿರುಗಿದಳು. "ಅದೇನೋ ಆಸ್ಪತ್ರೆದು ಅಂದ್ರಲ್ಲ, ಅದು ನನ್ಗೈತೇನ್ಲಾ?"

ಜುಂಜಣ್ಣ ತಕ್ಕಡಿಯ ತೂಕದ ಕಲ್ಲುಗಳನ್ನು ನೋಡಿದ.

"ಲಾರಿಗೈತೆ" ಎಂದ ಹಿಂದಿನಿಂದ ಯಾರೋ, ಸಹಾಯ ಮಾಡುವ ಧಾಟಿಯಲ್ಲಿ. "ಗೋಡೌನಿಗೂ ಐತೆ."

"ಕುರಿಗೋಳಿಗೂ ಮಾಡ್ಸೀನವ್ವ, ಊರಾಗೆ" ಎಂದ ಜುಂಜಣ್ಣ. ತಾಯಿಗೆ ಸಂತೋಷವಾದೀತು ಎಂದುಕೊಂಡನೋ ಏನೋ, ಪಾಪ!

"ಕುರಿಗೈತೆ. ಕುರಿ ಕಾದೋಳಿಗಿಲ್ಲ" ಎಂದಳು ಈರಕ್ಕ. ಇದನ್ನು ಕೂಗಿ ಹೇಳಲಿಲ್ಲ. ಈ ಸಲ ಯಾರೂ ನಗಲಿಲ್ಲ.

ಆ ಸಂಜೆ ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ಈರಕ್ಕ, ಕೈಯಲ್ಲಿ ಬಟ್ಟೆಯ ಚೀಲ.

"ಅವ್ನಿಗೆ ನೀನು ತಾಯಾದ್ಮೇಲೆ ಅವ್ನ ಮನೇಲಿ ನನ್ಗೇನು ಕೆಲ್ಸ? ಇಲ್ಲೇ ಇರ್ತೀನಿ. ನನ್ ಜಾಗ ನನ್ಗೆ ಬರ್ಸ್ಕೊಡೋ ಗಂಟ ಹೋಗಕಿಲ್ಲ" ಎಂದು ನಡುಮನೆಯಲ್ಲಿ ಚಾಪೆ ಹಾಸಿಕೊಂಡಳು.

ರಿಯಾಜ್ ಸಾಹೇಬರು ಮದುವೆಗೆಂದು ಪರ ಊರಿಗೆ ಹೋಗಿದ್ದರು. ಅವರು ಬರುವವರೆಗೆ ಈರಕ್ಕ ನಮ್ಮ ಮನೆಯ ಆಡಳಿತ ವಹಿಸಿಕೊಂಡಳು. ನನ್ನ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದನ್ನ ನುಂಗೋದಾ, ಗೋಡೆಗೆ ಮೆತ್ತೋದಾ?" ಎಂದು ಕೇಳಿದಳು. ನಮ್ಮವರಿಗೂ ಅವಳಿಗೂ ಕುರಿಗಳ ಕಾಲುಬಾಯಿ ಜ್ವರದ ವಿಷಯದಲ್ಲಿ ಗಾಢ ಸ್ನೇಹವಾಯಿತು. ಮದುವೆಯಾದಂದಿನಿಂದ ನನ್ನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವರು ಆ ಕೆಲವು ದಿನಗಳಲ್ಲಿ ಅವಳ ಜೊತೆ ಆಡಿದರು.

ಜುಂಜಣ್ಣ ಬೆಳಿಗ್ಗೆಯೂ ಸಂಜೆಯೂ ಬಂದು ಅವ್ವನನ್ನು ಕರೆಯುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು. ಕರೆದು ಕರೆದು ಸೋತು ಅವನು ನಮ್ಮ ಮೇಜಿಗೇ ತಿಂಡಿಗೆ ಕೂರುತ್ತಿದ್ದ. ಅವನ ತಟ್ಟೆಗೆ ನಾನು ಇನ್ನೊಂದು ದೋಸೆ ಹಾಕುವಾಗ, ನಿಜ ಹೇಳುತ್ತೇನೆ, ಈ ರಿಟರ್ನ್ ತಿದ್ದುವ ಕೆಲಸ ಸ್ವಲ್ಪ ತಡವಾದರೂ ಪರವಾಗಿಲ್ಲ ಎನಿಸುತ್ತಿತ್ತು.

"ಅವ್ನಿಗೆ ಸಾಕು" ಎನ್ನುತ್ತಿದ್ದಳು ಈರಕ್ಕ ಚಾಪೆಯಿಂದ. "ಅವ್ನ ಹೊಟ್ಟೆ ನನ್ಗೊತ್ತು."

ಪಾಪಪ್ರಾಯಶ್ಚಿತ್ತವಾಗಿ ಜುಂಜಣ್ಣ ಅವ್ವನಿಗೂ ಒಂದು ಪಾಲಿಸಿ ಮಾಡಿಸುವುದೆಂದಾಯಿತು. ಅರ್ಜಿ ತುಂಬಲು ಯಾರು ಮುಂದೆ ಬಂದರು? ಇಷ್ಟಾದ ಮೇಲೂ ಇಂಗ್ಲಿಷ್ ಬರುವವಳು ನಾನೊಬ್ಬಳೇ!

"ಈರಕ್ಕ, ನಿಮಗೆ ವಯಸ್ಸೆಷ್ಟು?"

"ಮದ್ಲೂರು ಕೆರೆ ಕೋಡಿ ಬಿದ್ದೊರ್ಸ ಹುಟ್ಟಿದ್ದು."

"ಯಾವ ಸಲ ಬಿದ್ದಾಗ?"

"ಅದೇನು ದಿನಾ ಬೀಳ್ತೈತಾ, ಯಾವ್ ಸಲ ಅನ್ನಾಕೆ?"

ಆಧಾರ್ ಕಾರ್ಡ್ ತರಿಸಿ ನೋಡಿದೆ. ಬರೆದುಕೊಂಡವನು ಯಾರೋ ಅಂದಾಜಿನಲ್ಲಿ ಒಂದು ಇಸವಿ ಹಾಕಿದ್ದ. ಅದರ ಪ್ರಕಾರ ಈರಕ್ಕನಿಗೂ ಅವಳ ಮಗನಿಗೂ ಬರೀ ಹನ್ನೊಂದು ವರ್ಷ ಅಂತರ! ನನಗೂ ಅವನಿಗೂ ಇಪ್ಪತ್ತಮೂರು.

"ನೋಡಿದ್ರಾ? ರೆಕಾರ್ಡ್ ಪ್ರಕಾರ ನಿಮಗಿಂತ ನಾನೇ ನಂಬೋ ಹಾಗಿರೋ ತಾಯಿ!" ಎಂದು ನಕ್ಕೆ.

ತಮಾಷೆಗೆ ಹೇಳಿದ್ದು. ತಮಾಷೆ ಯಾವಾಗ ಮಾಡಬಾರದು ಎಂಬುದನ್ನು ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ. ಈರಕ್ಕ ಆ ರಾತ್ರಿ ನನ್ನ ಕೈಯ ಊಟ ಮುಟ್ಟಲಿಲ್ಲ. ನಮ್ಮವರೇ ಹೋಗಿ ಬಾಳೆಹಣ್ಣು ತಂದುಕೊಟ್ಟರು. ನನ್ನ ಕಡೆ ನೋಡಿದ ಅವರ ನೋಟ ಚುಚ್ಚುಮದ್ದು ಸಿದ್ಧಮಾಡಿಕೊಳ್ಳುವವರ ನೋಟದ ಹಾಗಿತ್ತು.

ಕಡೆಗೂ ಸಾಹೇಬರು ಊರಿಂದ ಬಂದರು. ಅವರ ಆಫೀಸು ಮಹಡಿಯ ಮೇಲೆ. ಮೆರವಣಿಗೆಯಲ್ಲಿ ಹೋದೆವು. ಮುಂದೆ ಈರಕ್ಕ, ಹಿಂದೆ ಅವಳ ಮಗ, ಅವನ ಹಿಂದೆ ಅವನ ಸರ್ಕಾರಿ ತಂದೆತಾಯಿ.

ಮೊದಲು ಜುಂಜಣ್ಣನ ರಿಟರ್ನ್ ತೆರೆದರು. ನಮ್ಮ ಪ್ರೀಮಿಯಂ ಇದ್ದ ಸಾಲನ್ನು ಅಳಿಸಿದರು.

"ಅಳಿಸಿದ್ರಾ ಸಾಬ್ರೆ?"

"ಅಳಿಸ್ದೆ ಅಮ್ಮ."

"ಪೂರಾ? ಅಡ್ಡಗೀಟು ಗಿಡ್ಡಗೀಟು ಏನೂ ಉಳ್ದಿಲ್ಲ ತಾನೆ?"

"ಏನೂ ಇಲ್ಲ. ಮುಂದಿನ ವರ್ಷದಿಂದ ನಿಮ್ಮ ಪಾಲಿಸಿ ಇಲ್ಲಿ ಬರುತ್ತೆ. ಈ ಜಾಗ ನಿಮ್ದೇ."

ಈರಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಪರದೆಯ ಮೇಲೆ ಆ ಖಾಲಿ ಜಾಗವನ್ನು ಒಮ್ಮೆ ಮುಟ್ಟಿ ನೋಡಿದಳು. ಅಲ್ಲೇ, ಎಲ್ಲರೆದುರಿಗೇ, ಜುಂಜಣ್ಣ ಫೋನೊತ್ತಿ ಅವಳ ಮೊದಲ ಪ್ರೀಮಿಯಂ ಕಟ್ಟಿದ. ಜೀವಮಾನದಲ್ಲಿ ಮೊದಲ ಸಲ ಅವನ ಹೆಬ್ಬೆರಳು ಸ್ವಂತ ಮನೆಯವರಿಗಾಗಿ ಕೆಲಸ ಮಾಡಿರಬೇಕು.

ಆಮೇಲೆ ನನ್ನ ಸರದಿ. ಡಿಡಕ್ಷನ್ ಹೋಯಿತು, ಬಂದ ರೀಫಂಡನ್ನು ಬಡ್ಡಿ ಸಮೇತ ಕಕ್ಕಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡು ಕುಳಿತೆ. ಸಾಹೇಬರು ಪರದೆಯನ್ನು ಮೇಲೆ ಕೆಳಗೆ ಆಡಿಸಿದರು. ಒಂದು ಕಡೆ ನಿಂತರು.

"ಮೇಡಂ, ನೀವು ಹಳೇ ಪದ್ಧತಿ ಯಾಕೆ ತಗೊಂಡ್ರಿ?"

"ಯಾವ ಪದ್ಧತಿ?"

"ಟ್ಯಾಕ್ಸ್ ಹಾಕೋದಕ್ಕೆ ಎರಡು ಪದ್ಧತಿ ಇದೆ. ಹೊಸದು ತಾನಾಗೇ ಇರುತ್ತೆ. ಬೇಡ ಅಂತ ನೀವೇ ಒತ್ತಿ, ಹಳೇದಕ್ಕೆ ಬಂದಿದ್ದೀರಿ."

"ಹೊಸದರಲ್ಲಿ ಹೆಲ್ತ್ ಇನ್ಶೂರೆನ್ಸ್ ಕಾಲಮ್ಮೇ ಇರಲಿಲ್ಲ ಸಾಹೇಬ್ರೆ! ಡಿಡಕ್ಷನ್ ಎಲ್ಲಿ ಕೇಳಲಿ? ಕಾಲಮ್ ಇರೋ ಕಡೆಗೆ ಬಂದೆ."

"ಹೊಸದರಲ್ಲಿ ಕಾಲಮ್ ಇಲ್ಲ, ನಿಜ. ಆದ್ರೆ ಹೊಸದರಲ್ಲಿ ನಿಮ್ಮ ಪೆನ್ಷನ್ನಿಗೆ ಟ್ಯಾಕ್ಸೇ ಇಲ್ಲ ಮೇಡಂ."

"ಅಂದ್ರೆ?"

"ಸೊನ್ನೆ. ಏನೂ ಕೇಳದೆ ಸುಮ್ನಿದ್ದಿದ್ರೆ ಬ್ಯಾಂಕಿನೋರು ಮುರ್ಕೊಂಡಿದ್ದೆಲ್ಲ ಪೂರಾ ವಾಪಸ್ ಬರ್ತಿತ್ತು. ನೀವು ಡಿಡಕ್ಷನ್ ಕೇಳಿದ್ದಕ್ಕೆ ಕಮ್ಮಿ ಬಂದಿದೆ."

ಅವರು ಏನೋ ಬದಲಾಯಿಸಿದರು. ತೆರಿಗೆಯ ಎದುರಿಗೆ ದುಂಡಗಿನ ಸೊನ್ನೆ ಬಂದು ಕುಳಿತಿತು. ನಮ್ಮವರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಅವರಿಗೆ ಕೆಮ್ಮು ಇರಲಿಲ್ಲ.

"ಏನಂತ್ಲಾ ಸಾಬ್ರು ಅನ್ನೋದು?" ಎಂದು ಈರಕ್ಕ ಮಗನನ್ನು ಕೇಳಿದಳು.

"ಮಿಸ್ಸು ಆ ಇನ್ಸೂರೆನ್ಸ್ ದುಡ್ಡಿನ ಸುದ್ದಿನೇ ಎತ್ದೆ ಇದ್ದಿದ್ರೆ ಇನ್ನೂ ಲಾಭ ಆಗ್ತಿತ್ತಂತೆ ಕಣವ್ವ. ತೋರ್ಸೋದೇ ಬ್ಯಾಡವಾಗಿತ್ತಂತೆ."

ಈರಕ್ಕ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಅಂಗಾರೆ ಯಾತಕ್ಕಮ್ಮ ನನ್ ಮಗುನ್ನ ತಗಂಡಿದ್ದೆ?"

ಬ್ಯಾಗಿನ ಜಿಪ್ ಎಳೆದುಕೊಂಡು ಎದ್ದೆ. ಸಾಹೇಬರ ಮೆಟ್ಟಿಲು ಕಡಿದಾದದ್ದು, ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಒಂದು ಕೈ ಕೊಡಪ್ಪ ಎಂದು ಜುಂಜಣ್ಣನ ಕಡೆಗೆ ಕೈ ಚಾಚಿದೆ. ಅವನು ಆಗಲೇ ಅವರವ್ವನ ತೋಳು ಹಿಡಿದು, "ಮೆಲ್ಗೆ ಕಣವ್ವ" ಎನ್ನುತ್ತಾ ಅರ್ಧ ಮೆಟ್ಟಿಲು ಇಳಿದಿದ್ದ.

ಹಿಂದಿನಿಂದ ನಮ್ಮವರ ದನಿ ಬಂತು.

"ಗೋಡೆ ಹಿಡ್ಕೊಂಡು ಇಳಿಯೇ. ಪಾಲಿಸಿ ಇದೆ ಅಂತ ಬೀಳಕ್ಕೆ ಹೋಗ್ಬೇಡ."